ಮನೆಯಲ್ಲಿ ಮ್ಯೂಸಿಕ್ ಸ್ಟ್ರೀಮಿಂಗ್‌ಗೆ ಯಾವ ಲ್ಯಾನ್ ಕೇಬಲ್? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಟರ್ನೆಟ್ಟಿನಿಂದ ಹಾಡು ತರಿಸಿಕೊಳ್ಳುವ ಸ್ಟ್ರೀಮರ್ ಆಯ್ತು, ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಡ್ಯಾಕ್ ಆಯ್ತು, ಆಂಪ್ಲಿಫೈಯರ್, ಸ್ಪೀಕರ್ ಎಲ್ಲಾ ಆಯ್ತು. ಕೊನೆಗೆ ರೂಟರಿನಿಂದ ಸ್ಟ್ರೀಮರಿಗೆ ಒಂದು ಕೇಬಲ್ ಬೇಕು ಅಂದಾಗ ತಲೆನೋವು ಶುರು. ಕಂಪ್ಯೂಟರ್ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ಕೇಬಲ್ಲಿಗೆ ಹೈಫೈ ಶೋರೂಮಿನಲ್ಲಿ ಹತ್ತಾರು ಸಾವಿರ ಹೇಳುತ್ತಾರೆ. ಎರಡರ ತುದಿಗೂ ಇರುವುದು ಅದೇ ಆರ್‌ಜೆ45 ಪ್ಲಗ್. ಗೆಳೆಯರು, ನೆಂಟರು, ಹೊಸದಾಗಿ ಮನೆ ಕಟ್ಟಿಸುವವರು ಕೇಳುತ್ತಾ ಬಂದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಅಷ್ಟೆಲ್ಲಾ ಓದಲು ಪುರುಸೊತ್ತಿಲ್ಲ. ಯಾವುದು ತಗೊಳ್ಳಲಿ, ಒಂದೇ ಮಾತಲ್ಲಿ ಹೇಳಿ.

ಪೂರ್ತಿ ತಾಮ್ರದ, ಶೀಲ್ಡ್ (ತಂತಿಗಳ ಸುತ್ತ ಲೋಹದ ಹೊದಿಕೆ) ಇಲ್ಲದ ಕ್ಯಾಟ್ 6 ಕೇಬಲ್. ಅಂದರೆ ಕ್ಯಾಟ್ 6 ಯುಟಿಪಿ; ಕ್ಯಾಟ್ ಅನ್ನುವುದು ಕೇಬಲ್ಲಿನ ದರ್ಜೆ, ಯುಟಿಪಿ ಅಂದರೆ ಶೀಲ್ಡ್ ಇಲ್ಲದ್ದು. ಹತ್ತು ಮೀಟರ್ ಒಳಗಾದರೆ ಕಾರ್ಖಾನೆಯಲ್ಲೇ ಪ್ಲಗ್ ಹಾಕಿದ ರೆಡಿ ಕೇಬಲ್ ತಗೊಳ್ಳಿ. ಮನೆಯಲ್ಲಿ ಈಗಾಗಲೇ ಒಳ್ಳೆ ಕ್ಯಾಟ್ 5ಇ ಇದ್ದರೆ ಹೊಸದು ಬೇಡವೇ ಬೇಡ. ಉಳಿದ ದುಡ್ಡು ಸ್ಪೀಕರಿಗೆ ಹಾಕಿ.

ಹಾಡಿಗೆ ಎಷ್ಟು ಸ್ಪೀಡ್ ಬೇಕು?

ನೀವು ಅಂದುಕೊಂಡಿರುವುದಕ್ಕಿಂತ ತುಂಬಾ ಕಡಿಮೆ. ಲೆಕ್ಕ ಸುಲಭ. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದೂ 16 ಬಿಟ್, ಎರಡು ಚಾನೆಲ್. ಗುಣಿಸಿದರೆ 1.41 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಮಿಲಿಯನ್ ಬಿಟ್. 24 ಬಿಟ್, 96 ಕಿಲೋಹರ್ಟ್ಸ್ ಆದರೆ 4.6. ಮನೆಯಲ್ಲಿ ಸಾಮಾನ್ಯವಾಗಿ ಸಿಗುವ ಅತಿ ದೊಡ್ಡ ಫೈಲ್ 24 ಬಿಟ್, 192 ಕಿಲೋಹರ್ಟ್ಸ್. ಅದಕ್ಕೂ 9.2 ಎಂಬಿಪಿಎಸ್ ಸಾಕು. ಇದು ಕಂಪ್ರೆಸ್ ಮಾಡದ ಲೆಕ್ಕ. ಗುಣಮಟ್ಟ ಕಳೆಯದೆ ಫೈಲ್ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಇನ್ನೂ ಇಳಿಯುತ್ತದೆ. ಡಿಎಸ್‌ಡಿ 256 ಅನ್ನುವ ಭಾರೀ ಫೈಲ್ ಕೇಳುವ ಹುಚ್ಚಿದ್ದರೂ 23 ಎಂಬಿಪಿಎಸ್ ದಾಟುವುದಿಲ್ಲ.

ಆ್ಯಪಲ್ ಮ್ಯೂಸಿಕ್ 2021ರಿಂದ ಲಾಸ್‌ಲೆಸ್ (ಏನೂ ಕಳೆಯದ) ಹಾಡು ಕೊಡುತ್ತಿದೆ, ಅದರ ಗರಿಷ್ಠವೂ ಇದೇ 24 ಬಿಟ್, 192. ಸ್ಪಾಟಿಫೈನ ಲಾಸ್‌ಲೆಸ್ ಅಲ್ಲದ 320 ಕೆಬಿಪಿಎಸ್ ಹಾಡು ಅಂತೂ ಲೆಕ್ಕಕ್ಕೇ ಇಲ್ಲ. ಅದೇ ಮನೆಯ ಟಿವಿಯಲ್ಲಿ 4ಕೆ ಸಿನಿಮಾ ನೋಡಲು ನೆಟ್‌ಫ್ಲಿಕ್ಸ್ 15 ಎಂಬಿಪಿಎಸ್ ಇರಲಿ ಅನ್ನುತ್ತದೆ. ಆ ಟಿವಿಗೆ ಯಾರೂ ಹತ್ತು ಸಾವಿರದ ಲ್ಯಾನ್ ಕೇಬಲ್ ಮಾರಲು ಬರುವುದಿಲ್ಲ, ಗಮನಿಸಿದ್ದೀರಾ?

ಇನ್ನೊಂದು ವಿಷಯ. ಎಷ್ಟೋ ಸ್ಟ್ರೀಮರ್‌ಗಳಲ್ಲಿ ಇರುವುದೇ 100 ಎಂಬಿಪಿಎಸ್ ಪೋರ್ಟ್. ವಿಮ್ ಪ್ರೊ ಸ್ಟ್ರೀಮರ್ ಹಾಗೇ, ಸ್ಟ್ರೀಮರಾಗಿಯೂ ಬಳಸುವ ಪುಟ್ಟ ಕಂಪ್ಯೂಟರ್ ಹಳೇ ರಾಸ್ಪ್‌ಬೆರಿ ಪೈ 3ಬಿ ಕೂಡ ಹಾಗೇ. ತಯಾರಕರು ಜಿಪುಣತನ ಮಾಡಿದ್ದಾರೆ ಅಂತ ಬೇಜಾರಾಗಬೇಡಿ. ಹಾಡಿಗೆ ಅದಕ್ಕಿಂತ ಜಾಸ್ತಿ ಬೇಕಾಗಿಯೇ ಇಲ್ಲ.

ಹಾಗಾದರೆ ವೈಫೈ ಸಾಕಲ್ವಾ? ಕೇಬಲ್ ಯಾಕೆ?

ವೈಫೈ ಚೆನ್ನಾಗಿದ್ದರೆ ಸಾಕು. ಬೇಕೇಬೇಕು ಅಂತೇನಿಲ್ಲ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದು ವೈಫೈ ಪಟ್ಟಿ ನೋಡಿ. ಮೇಲಿನ ಮನೆ, ಕೆಳಗಿನ ಮನೆ, ಎದುರು ಮನೆ, ಎಲ್ಲರ ಹೆಸರೂ ಅಲ್ಲಿರುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಇರುವುದು ಮೂರೇ: 1, 6, 11. ಇಡೀ ಕಟ್ಟಡ ಅದರಲ್ಲೇ ಹಂಚಿಕೊಳ್ಳಬೇಕು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಕಾಂಕ್ರೀಟ್ ಗೋಡೆ ಎರಡು ದಾಟುವಷ್ಟರಲ್ಲಿ ಅದು ಸೋತುಹೋಗುತ್ತದೆ. ಅದಕ್ಕೇ ಸಂಜೆ ಹೊತ್ತಲ್ಲಿ ಆಲಾಪದ ನಡುವೆ ಹಾಡು ತಟಕ್ಕನೆ ನಿಲ್ಲುವುದು.

ಕೇಬಲ್ ಹಾಕಿದರೆ ಈ ಕಾಟ ತಪ್ಪುತ್ತದೆ. ಕೇಬಲ್ಲಿನ ಲಾಭ ಅಷ್ಟೇ: ಹಾಡು ನಿಲ್ಲುವುದಿಲ್ಲ. ಧ್ವನಿ ಸಿಹಿಯಾಗುವುದಿಲ್ಲ.

ಕ್ಯಾಟ್ 5ಇ, 6, 6ಎ, 7, 8: ನಂಬರ್ ಜಾಸ್ತಿ ಆದಷ್ಟೂ ಒಳ್ಳೆಯದು ತಾನೇ?

ಡೇಟಾ ಸೆಂಟರಿಗೆ ಹೌದು. ನಿಮ್ಮ ಮನೆಯ ಹಾಲ್‌ಗೆ ಅಲ್ಲ.

ಕ್ಯಾಟ್ 5ಇ ಅನ್ನು 100 ಮೆಗಾಹರ್ಟ್ಸ್‌ವರೆಗೆ ಅಳೆದು ಪಾಸ್ ಮಾಡಿರುತ್ತಾರೆ. ಅದರಲ್ಲೇ ಒಂದು ಗಿಗಾಬಿಟ್ ಸ್ಪೀಡು 100 ಮೀಟರ್ ದೂರ ಹೋಗುತ್ತದೆ. ಕ್ಯಾಟ್ 6 ಆದರೆ 250 ಮೆಗಾಹರ್ಟ್ಸ್, ಹತ್ತು ಗಿಗಾಬಿಟ್ಟನ್ನೂ ಸುಮಾರು 55 ಮೀಟರ್ ಒಯ್ಯುತ್ತದೆ. ಕ್ಯಾಟ್ 6ಎ 500 ಮೆಗಾಹರ್ಟ್ಸ್, ಹತ್ತು ಗಿಗಾಬಿಟ್ ಪೂರ್ತಿ 100 ಮೀಟರ್. 6ಎ ಕೇಬಲ್ ದಪ್ಪ, ಬಾಗಿಸುವುದು ಕಷ್ಟ, ಗೋಡೆಯೊಳಗಿನ ಪೈಪಿನಲ್ಲಿ ಎಳೆಯುವವನ ಕೈ ನೋಯುತ್ತದೆ.

ಕ್ಯಾಟ್ 7ರ ಕಥೆಯೇ ಬೇರೆ. ಅಂಗಡಿಯವರು "ಸಾರ್, ಲೇಟೆಸ್ಟ್, ಇದನ್ನೇ ತಗೊಳ್ಳಿ" ಅನ್ನುತ್ತಾರೆ. ಕೇಬಲ್ ಸ್ಟ್ಯಾಂಡರ್ಡ್ ಬರೆಯುವ ಅಮೆರಿಕದ ಟಿಐಎ ಸಂಸ್ಥೆ ಕ್ಯಾಟ್ 7 ಅನ್ನು ಒಪ್ಪಿಕೊಂಡೇ ಇಲ್ಲ. ಅಂತಾರಾಷ್ಟ್ರೀಯ ಐಎಸ್‌ಓ ಸ್ಟ್ಯಾಂಡರ್ಡಿನಲ್ಲಿ ಅದು ಇದೆ, ಆದರೆ ಅಲ್ಲಿ ಅದಕ್ಕೆ ಹೇಳಿರುವ ಪ್ಲಗ್ಗೇ ಬೇರೆ. ಮಾಮೂಲಿ ಆರ್‌ಜೆ45 ಪ್ಲಗ್ ಹಾಕಿ ಕ್ಯಾಟ್ 7 ಅಂತ ಮಾರುವ ಕೇಬಲ್ಲಿನಿಂದ ನಿಮಗೆ ಸಿಗುವುದು ಹೆಚ್ಚೆಂದರೆ 6ಎ ಮಟ್ಟದ ಕೆಲಸ. ಕ್ಯಾಟ್ 8 ಮಾಡಿರುವುದು ಸರ್ವರ್ ರ‍್ಯಾಕ್‌ಗಳ ನಡುವೆ 25, 40 ಗಿಗಾಬಿಟ್ ಓಡಿಸಲು. ಅದೂ 30 ಮೀಟರ್ ಮಾತ್ರ. ಅದನ್ನು ತಂದು ಒಂಬತ್ತು ಎಂಬಿಪಿಎಸ್ ಹಾಡು ಓಡಿಸುವುದು ಸುಮ್ನೆ ದುಂದು.

ಹಾಗಾದರೆ 5ಇ ಬಿಟ್ಟು 6 ಯಾಕೆ ಹೇಳಿದಿರಿ ಅಂದರೆ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಗೋಡೆಯೊಳಗೆ ಒಮ್ಮೆ ಹಾಕಿದ್ದು ಮುಂದೆ ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ. ನಾಳೆ ಅದೇ ಕೇಬಲ್ ಬೇರೆ ಕೆಲಸಕ್ಕೂ ಬೇಕಾಗಬಹುದು.

ದುಬಾರಿ ಕೇಬಲ್ ಹಾಕಿದರೆ ಸೌಂಡ್ ಸುಧಾರಿಸುತ್ತಾ?

ಇಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಗಳ ಆಗುವುದೇ ಇಲ್ಲಿ.

ಟೇಪ್ ರೆಕಾರ್ಡರ್ ಕಾಲದಿಂದ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತಿದೆ: ವೈರಿನೊಳಗೆ ಹಾಡು ಹರಿದು ಬರುತ್ತದೆ, ವೈರ್ ಚೆನ್ನಾಗಿದ್ದರೆ ಹಾಡೂ ಚೆನ್ನ. ಅನಲಾಗ್ ವೈರಿಗೆ ಅದು ಅಷ್ಟಿಷ್ಟು ನಿಜ. ಲ್ಯಾನ್ ಕೇಬಲ್ಲಿನಲ್ಲಿ ಹರಿಯುವುದು ಹಾಡಲ್ಲ, ಫೈಲಿನ ತುಂಡುಗಳು. ಒಂದೊಂದು ತುಂಡಿನ ಬಾಲಕ್ಕೂ 32 ಬಿಟ್‌ನ ಒಂದು ಚೆಕ್ ಇರುತ್ತದೆ. ದಾರಿಯಲ್ಲಿ ಒಂದೇ ಒಂದು ಬಿಟ್ ಕೆಟ್ಟರೂ ಲೆಕ್ಕ ತಾಳೆಯಾಗುವುದಿಲ್ಲ, ಆ ತುಂಡನ್ನು ಅಲ್ಲೇ ಎಸೆಯಲಾಗುತ್ತದೆ. ಇದರ ಮೇಲುಸ್ತುವಾರಿ ನೋಡುವ ಟಿಸಿಪಿ ಅನ್ನುವ ಸಾಫ್ಟ್‌ವೇರ್ ಪದ್ಧತಿ "ಅದು ಬಂದಿಲ್ಲ, ಇನ್ನೊಂದು ಸಲ ಕಳಿಸು" ಅನ್ನುತ್ತದೆ. ಸ್ಟ್ರೀಮಿಂಗ್ ಆ್ಯಪ್‌ಗಳು ಹಾಡು ತರಿಸಿಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಬಂದದ್ದು ಪೂರ್ತಿ ಸರಿಯಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. "ಬಾಸ್ ಸ್ವಲ್ಪ ತೆಳು", "ತಂಬೂರಿ ನಾದದಲ್ಲಿ ಗಾಳಿ ಕಡಿಮೆ" ಅನ್ನುವ ಹದದಲ್ಲಿ ಕೆಡಲು ಅಲ್ಲಿ ಅವಕಾಶವೇ ಇಲ್ಲ.

ಬಂದ ತುಂಡುಗಳೂ ನೇರ ಸ್ಪೀಕರಿಗೆ ಹೋಗುವುದಿಲ್ಲ. ಮೊದಲು ಸ್ಟ್ರೀಮರಿನ ಮೆಮೊರಿಯಲ್ಲಿ, ಅಂದರೆ ಬಫರಿನಲ್ಲಿ ತುಂಬಿಕೊಳ್ಳುತ್ತವೆ. ಕಾರ್ಪೊರೇಷನ್ ನೀರು ಬಿಟ್ಟು ಬಿಟ್ಟು ಬಂದರೂ ಮೇಲಿನ ಟ್ಯಾಂಕ್ ತುಂಬಿದ್ದರೆ ನಲ್ಲಿಯಲ್ಲಿ ಒಂದೇ ಸಮನೆ ಬರುತ್ತದಲ್ಲ, ಹಾಗೆ. ಅಲ್ಲಿಂದ ಮುಂದೆ ಡ್ಯಾಕ್‌ಗೆ ತಾಳ ಹಾಕುವುದು ಪೆಟ್ಟಿಗೆಯೊಳಗಿನ ಕ್ಲಾಕ್. ಕೇಬಲ್ಲಿನಿಂದ ಜಿಟ್ಟರ್, ಅಂದರೆ ಆ ತಾಳದಲ್ಲಿ ಏರುಪೇರು, ಬರುತ್ತದೆ ಅನ್ನುವ ಮಾತು ಅದಕ್ಕೇ ನಿಲ್ಲುವುದಿಲ್ಲ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಸ್ಟ್ರೀಮರಿನ ವೈಫೈ ಆಫ್ ಮಾಡಿ, ಕೇಬಲ್ಲಿನಲ್ಲಿ ಒಂದು ಹಾಡು ಹಾಕಿ. ಅರ್ಧ ನಿಮಿಷ ಬಿಟ್ಟು ಪ್ಲಗ್ಗಿನ ಚಿಕ್ಕ ಕ್ಲಿಪ್ ಒತ್ತಿ ಕೇಬಲ್ ಕಿತ್ತುಬಿಡಿ. ಪೋರ್ಟಿನ ದೀಪ ಆರುತ್ತದೆ, ಹಾಡು ಮುಂದುವರಿಯುತ್ತದೆ. ಕೆಲವು ಸ್ಟ್ರೀಮರ್‌ಗಳಲ್ಲಿ ನಾಲ್ಕೈದು ಸೆಕೆಂಡು, ಕೆಲವದರಲ್ಲಿ ಹಾಡು ಮುಗಿಯುವವರೆಗೂ. ಆ ಹೊತ್ತಿನಲ್ಲಿ ಕೇಬಲ್ ನಿಮ್ಮ ಕೈಯಲ್ಲಿದೆ. ಧ್ವನಿ ಬದಲಾಯಿತಾ, ಕಿವಿಗೊಟ್ಟು ಕೇಳಿ.

ಆದರೆ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಯಿತಲ್ಲ?

ಸುಳ್ಳು ಹೇಳುತ್ತಿದ್ದೀರಿ ಅಂತ ಅಲ್ಲ. ಹಣ ಕೊಟ್ಟು ತಂದಿದ್ದೇವೆ, ಕಣ್ಣ ಮುಂದೆ ಇದೆ, ಮನಸ್ಸು ಕೇಳಲು ತಯಾರಾಗಿ ಕೂತಿದೆ. ಆಗ ವ್ಯತ್ಯಾಸ ಕೇಳಿಸದಿದ್ದರೇ ಆಶ್ಚರ್ಯ. ಅದಕ್ಕೇ ಯಾವ ಕೇಬಲ್ ಅಂತ ಕೇಳುವವರಿಗೆ ಹೇಳದೆ ಮಾಡುವ ಪರೀಕ್ಷೆಗೆ ಬೆಲೆ. 2015ರಲ್ಲಿ ಆರ್ಸ್ ಟೆಕ್ನಿಕಾ ಅನ್ನುವ ಟೆಕ್ ಸುದ್ದಿ ಜಾಲತಾಣ, ಪವಾಡಗಳ ಬಣ್ಣ ಬಯಲು ಮಾಡುತ್ತಿದ್ದ ಜಾದೂಗಾರ ಜೇಮ್ಸ್ ರಾಂಡಿ ಅವರ ಪ್ರತಿಷ್ಠಾನದ ಜೊತೆ ಸೇರಿ ಲಾಸ್ ವೇಗಸ್‌ನಲ್ಲಿ ಇಂಥ ಪರೀಕ್ಷೆ ನಡೆಸಿತು. ಒಂದು ಕಡೆ ನೂರಾರು ಡಾಲರಿನ ಆಡಿಯೊಫೈಲ್ (ಧ್ವನಿಯ ಹುಚ್ಚಿರುವವರಿಗೆಂದೇ ಮಾರುವ) ಲ್ಯಾನ್ ಕೇಬಲ್, ಇನ್ನೊಂದು ಕಡೆ ಮಾಮೂಲಿ ಕೇಬಲ್. ಕೇಳಿದವರಿಗೆ ಯಾವುದು ಯಾವುದು ಅಂತ ಹೇಳಲಾಗಲಿಲ್ಲ.

ಅದಕ್ಕೂ ಮುಂಚೆ ಡೆನಾನ್ ಕಂಪನಿ ಎಕೆ-ಡಿಎಲ್1 ಅಂತ ಒಂದೂವರೆ ಮೀಟರ್ ಕೇಬಲ್ಲಿಗೆ 499 ಡಾಲರ್ ಬೆಲೆ ಇಟ್ಟಿತ್ತು. ಸಿಗ್ನಲ್ ಯಾವ ಕಡೆ ಹರಿಯಬೇಕು ಅಂತ ಅದರ ಮೇಲೆ ಬಾಣದ ಗುರುತು ಬೇರೆ. ಈಥರ್ನೆಟ್ಟಿನಲ್ಲಿ ಎರಡೂ ದಿಕ್ಕಿಗೆ ಮಾತು ನಡೆಯುತ್ತದೆ, ಬಾಣ ಯಾವ ಕಡೆ ತೋರಿಸಬೇಕು ಪಾಪ! ಅಮೆಜಾನಿನಲ್ಲಿ ಜನ ಅದಕ್ಕೆ ಬರೆದ ತಮಾಷೆ ವಿಮರ್ಶೆಗಳು ಕೇಬಲ್ಲಿಗಿಂತ ಹೆಸರಾದವು.

ಬಿಟ್ ಸರಿ ಬಂದರೂ ಎಲೆಕ್ಟ್ರಿಕಲ್ ನಾಯ್ಸ್ ಬರಬಹುದಲ್ಲ?

ಇದು ನ್ಯಾಯವಾದ ಪ್ರಶ್ನೆ. ಕೇಬಲ್ ಅಂದ ಮೇಲೆ ಲೋಹ, ಲೋಹ ಅಂದ ಮೇಲೆ ನಾಯ್ಸ್ ಹರಿಯುವ ಸಾಧ್ಯತೆ ಇದ್ದೇ ಇದೆ. ಆದರೆ ಪ್ರತಿ ಈಥರ್ನೆಟ್ ಪೋರ್ಟಿನ ಒಳಗೂ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು ಇರುತ್ತವೆ. ಈ ಕಡೆಯ ತಂತಿಗೂ ಆ ಕಡೆಯ ಸರ್ಕ್ಯೂಟಿಗೂ ನೇರ ಸಂಪರ್ಕ ಇರುವುದಿಲ್ಲ. ಒಂದು ನಿಮಿಷ 1500 ವೋಲ್ಟ್ ತಡೆಯಬೇಕು ಅಂತ ಸ್ಟ್ಯಾಂಡರ್ಡೇ ಹೇಳುತ್ತದೆ. ಯುಎಸ್‌ಬಿಯಲ್ಲಾಗಲೀ ಆರ್‌ಸಿಎ ವೈರಿನಲ್ಲಾಗಲೀ ಇಂಥ ಬೇಲಿ ಹುಟ್ಟಾ ಇರುವುದಿಲ್ಲ.

ಈ ಬೇಲಿಯನ್ನು ನಾವೇ ಮುರಿಯುವ ಒಂದು ದಾರಿ ಇದೆ. ಅದೇ ಮುಂದಿನ ಪ್ರಶ್ನೆ.

ಶೀಲ್ಡ್ ಇರುವ ಎಸ್‌ಟಿಪಿ ಕೇಬಲ್ ಹಾಕಿದರೆ ಇನ್ನೂ ಸೇಫ್ ಅಲ್ವಾ?

ಮನೆಯ ಆಡಿಯೊಗೆ ಅದು ಉಲ್ಟಾ ಹೊಡೆಯಬಹುದು. ಶೀಲ್ಡ್ ಕೇಬಲ್ಲಿನ ಪ್ಲಗ್ಗಿಗೆ ಸುತ್ತ ಲೋಹದ ಕವಚ ಇರುತ್ತದೆ. ಎರಡೂ ತುದಿಯ ಪೋರ್ಟ್ ಲೋಹದ್ದಾಗಿದ್ದರೆ ಸ್ವಿಚ್ಚಿನ (ಹಲವು ಲ್ಯಾನ್ ಕೇಬಲ್ ಸೇರಿಸುವ ಪೆಟ್ಟಿಗೆ) ಬಾಡಿ, ಸ್ಟ್ರೀಮರಿನ ಬಾಡಿ ಎರಡೂ ಶೀಲ್ಡ್ ಮೂಲಕ ಒಂದಾಗುತ್ತವೆ. ಈಗ ಒಂದು ಕಡೆ ಮೂರು ಪಿನ್ನಿನ ಡೆಸ್ಕ್‌ಟಾಪ್ ಕಂಪ್ಯೂಟರ್ ಬೇರೆ ರೂಮಿನ ಅರ್ಥಿಂಗ್‌ನಲ್ಲಿದೆ, ಇನ್ನೊಂದು ಕಡೆ ಆಂಪ್ಲಿಫೈಯರ್ ಹಾಲಿನ ಅರ್ಥಿಂಗ್‌ನಲ್ಲಿದೆ ಅಂದುಕೊಳ್ಳಿ. ನಡುವೆ ಒಂದು ಸುತ್ತು ಬಿತ್ತು. ಅದೇ ಗ್ರೌಂಡ್ ಲೂಪ್. ಸ್ಪೀಕರಿನಲ್ಲಿ ಗುಂಯ್ ಅನ್ನುವ 50 ಹರ್ಟ್ಸ್ ಹಮ್ ಶುರು. ಹಳೇ ಮನೆಗಳಲ್ಲಿ ಅರ್ಥಿಂಗ್ ಅಷ್ಟಕ್ಕಷ್ಟೇ ಇರುವುದರಿಂದ ಇದು ಇನ್ನೂ ಜೋರು.

ಪರೀಕ್ಷೆ ಹೀಗೆ: ಹಮ್ ಬರುತ್ತಿರುವಾಗ ಸ್ಟ್ರೀಮರಿನ ಲ್ಯಾನ್ ಕೇಬಲ್ ತೆಗೆಯಿರಿ. ಹಮ್ ನಿಂತರೆ ಶೀಲ್ಡ್ ಕೇಬಲ್ ತೆಗೆದು ಪ್ಲಾಸ್ಟಿಕ್ ಪ್ಲಗ್ಗಿನ ಯುಟಿಪಿ ಹಾಕಿ. ನಿಲ್ಲದಿದ್ದರೆ ಲ್ಯಾನ್ ಕೇಬಲ್ ನಿರಪರಾಧಿ. ಟಿವಿಗೆ ಬರುವ ಕೇಬಲ್ ಅಥವಾ ಡಿಶ್ ವೈರ್ ತೆಗೆದು ನೋಡಿ, ಬಹಳ ಮನೆಗಳಲ್ಲಿ ಕಳ್ಳ ಅಲ್ಲಿರುತ್ತಾನೆ.

ಹಮ್ ಹೋಗಲಿ ಅಂತ ಆಂಪ್ಲಿಫೈಯರಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಹಾಡಿಗೋಸ್ಕರ ಶಾಕ್ ಹೊಡೆಸಿಕೊಳ್ಳುವ ಅಗತ್ಯ ಇಲ್ಲ.

ಅಗ್ಗದ ಕೇಬಲ್ ಸಾಕು ಅಂದಿರಿ. ಹಾಗಾದರೆ ಎಲ್ಲಕ್ಕಿಂತ ಅಗ್ಗದ್ದು ತರಲೇ?

ಬೇಡ. ಕೇಬಲ್ಲಿನಲ್ಲಿ ನಿಜವಾದ ಮೋಸ ನಡೆಯುವುದು ಅಲ್ಲೇ, ಮೇಲಿನ ತುದಿಯಲ್ಲಲ್ಲ. ಅದರ ಹೆಸರು ಸಿಸಿಎ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ನೋಡಲು ತಾಮ್ರವೇ. ರೆಸಿಸ್ಟೆನ್ಸ್ ಮಾತ್ರ ತಾಮ್ರಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಕ್ಯಾಟ್ 5ಇ, 6 ಸ್ಟ್ಯಾಂಡರ್ಡ್ ಕೇಳುವುದು ಪೂರ್ತಿ ತಾಮ್ರ, ಆದ್ದರಿಂದ ಮೇಲೆ "ಕ್ಯಾಟ್ 6" ಅಂತ ಅಚ್ಚಾಗಿದ್ದರೂ ಸಿಸಿಎ ಕ್ಯಾಟ್ 6 ಅಲ್ಲ.

ಎರಡು ಮೀಟರ್ ತುಂಡಿನಲ್ಲಿ ಹಾಡು ಓಡಿಸಲು ಸಿಸಿಎ ಸಾಲದೇ ಅಂದರೆ, ಓಡುತ್ತದೆ. ತೊಂದರೆ ಬರುವುದು ಆಮೇಲೆ. ಅಲ್ಯೂಮಿನಿಯಂ ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ. ಕ್ರಿಂಪ್ ಮಾಡಿದ (ಪ್ಲಗ್ ಒತ್ತಿ ಕೂರಿಸಿದ) ಜಾಗದಲ್ಲಿ ಕಾಲ ಕಳೆದಂತೆ ಸಡಿಲವಾಗುತ್ತದೆ. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರಲ್ಲಿ ಇನ್ನೂ ಬೇಗ. ಅದೇ ಪೆಟ್ಟಿಗೆಯ ಕೇಬಲ್ಲನ್ನು ಸಿಸಿಟಿವಿ ಕ್ಯಾಮೆರಾಕ್ಕೋ ವೈಫೈ ಆ್ಯಕ್ಸೆಸ್ ಪಾಯಿಂಟಿಗೋ ಪಿಓಇಯಲ್ಲಿ, ಅಂದರೆ ಲ್ಯಾನ್ ಕೇಬಲ್ಲಿನಲ್ಲೇ, ಕರೆಂಟ್ ಕಳಿಸಲು ಬಳಸಿದರೆ ಬಿಸಿಯೂ ಆಗುತ್ತದೆ.

ಸಿಸಿಎ ಅಂತ ಅಂಗಡಿಯಲ್ಲೇ ಗೊತ್ತಾಗುವುದು ಹೇಗೆ?

ಮೊದಲು ಎತ್ತಿ ನೋಡಿ. 305 ಮೀಟರಿನ ಪೆಟ್ಟಿಗೆಯಲ್ಲಿ 23 ಗೇಜಿನ ತಾಮ್ರವಾದರೆ ತಾಮ್ರವೇ ಐದೂವರೆ ಕೆಜಿ ಇರುತ್ತದೆ, ಮೇಲಿನ ಪ್ಲಾಸ್ಟಿಕ್ ಬೇರೆ. ಸಿಸಿಎ ಪೆಟ್ಟಿಗೆ ಒಂದೇ ಕೈಯಲ್ಲಿ ಎದ್ದುಬರುತ್ತದೆ.

ಆಮೇಲೆ ತುಂಡು ಕೇಳಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ಬೆರಳುದ್ದ ತುಂಡು ಕೊಡಲು ಯಾರೂ ಗೊಣಗುವುದಿಲ್ಲ. ಒಂದು ಎಳೆಯ ಮೇಲಿನ ಪ್ಲಾಸ್ಟಿಕ್ ಸುಲಿದು ಬ್ಲೇಡಿನಿಂದ ತಂತಿಯನ್ನು ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ. ಸಿಸಿಎ ಆದರೆ ಎರಡನೇ ಮೂರನೇ ಎಳೆತಕ್ಕೆ ಬೆಳ್ಳಿ ಬಣ್ಣ ಇಣುಕುತ್ತದೆ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದರೂ ನಡುವೆ ಬಿಳಿ ಚುಕ್ಕೆ ಕಾಣುತ್ತದೆ.

ಬಿಲ್ಲಿನಲ್ಲಿ "ಬೇರ್ ಕಾಪರ್" ಅಂತ ಬರೆಸಿ. ಅಂಗಡಿಯವರು ಬರೆಯಲು ಹಿಂದೆ ಮುಂದೆ ನೋಡಿದರೆ ಉತ್ತರ ಸಿಕ್ಕಿತು. ಫಿನೋಲೆಕ್ಸ್, ಪಾಲಿಕ್ಯಾಬ್, ಡಿ-ಲಿಂಕ್ ಥರದ ಗೊತ್ತಿರುವ ಹೆಸರುಗಳಿಗೇ ಹೋದರೆ ತಲೆಬಿಸಿ ಕಡಿಮೆ. ಆದರೂ ಕೆರೆದು ನೋಡುವ ಅಭ್ಯಾಸ ಒಳ್ಳೆಯದು.

ಸಾಲಿಡ್, ಸ್ಟ್ರ್ಯಾಂಡೆಡ್ ಅಂದರೇನು? ಚಪ್ಪಟೆ ಕೇಬಲ್ ಹಾಕಬಹುದಾ?

ಸಾಲಿಡ್ ಅಂದರೆ ಒಂದೊಂದು ಎಳೆಯೂ ಒಂದೇ ಗಟ್ಟಿ ತಂತಿ. ಗೋಡೆಯೊಳಗೆ ಅದು. ಸ್ಟ್ರ್ಯಾಂಡೆಡ್ ಅಂದರೆ ಕೂದಲಿನಂಥ ಸಣ್ಣ ತಂತಿಗಳ ಕಟ್ಟು. ಮೆತ್ತಗೆ ಬಾಗುತ್ತದೆ, ಹೊರಗೆ ಸಾಧನಗಳ ನಡುವೆ ಸಿಕ್ಕಿಸುವ ಕೇಬಲ್ಲಿಗೆ (ಪ್ಯಾಚ್ ಕಾರ್ಡ್) ಅದು. ಸ್ಟ್ರೀಮರಿನ ಹಿಂದೆ ಸಾಲಿಡ್ ಕೇಬಲ್ ಸಿಕ್ಕಿಸಿ ಪೆಟ್ಟಿಗೆಯನ್ನು ಹಿಂದೆ ಮುಂದೆ ಸರಿಸುತ್ತಿದ್ದರೆ ಎಂದೋ ಒಂದು ದಿನ ಒಳಗೇ ಮುರಿಯುತ್ತದೆ.

ಚಪ್ಪಟೆ ಕೇಬಲ್ ಕಾರ್ಪೆಟ್ ಅಡಿ ಚೆನ್ನಾಗಿ ಕೂರುತ್ತದೆ. ಮೂರು ನಾಲ್ಕು ಮೀಟರಿಗೆ ಹಾಡಿನ ಮಟ್ಟಿಗೆ ಪರವಾಗಿಲ್ಲ. ಉದ್ದಕ್ಕೆ ಬೇಡ.

ಉದ್ದ ಜಾಸ್ತಿ ಆದರೆ ಕ್ವಾಲಿಟಿ ಇಳಿಯುತ್ತಾ?

100 ಮೀಟರ್ ಒಳಗೆ ಇಲ್ಲ. ಅದಾದ ಮೇಲೆ ಫೈಬರ್ ನೋಡಿ.

ಎಲೆಕ್ಟ್ರಿಷಿಯನ್ನೇ ಪ್ಲಗ್ ಕ್ರಿಂಪ್ ಮಾಡಿದ್ದಾರೆ, ಟೆಸ್ಟರಿನಲ್ಲಿ ಎಂಟೂ ದೀಪ ಹತ್ತುತ್ತದೆ. ಆದರೂ ಹಾಡು ಆಗಾಗ ನಿಲ್ಲುತ್ತದೆ. ಯಾಕೆ?

ಇದು ನಮ್ಮ ಕಡೆ ತುಂಬಾ ಸಾಮಾನ್ಯ. ಕಾರಣ ಬಣ್ಣದ ಸಾಲು.

ಕೇಬಲ್ಲಿನೊಳಗೆ ನಾಲ್ಕು ಜೋಡಿ ಇರುತ್ತದೆ: ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಬಣ್ಣಕ್ಕೂ ಬಿಳಿ ಪಟ್ಟೆಯ ಸಂಗಾತಿ. ಜೋಡಿಗಳನ್ನು ಹುರಿ ಮಾಡಿರುವುದು ಅಂದಕ್ಕಲ್ಲ. ಒಂದು ತಂತಿ ಹಿಡಿದ ನಾಯ್ಸನ್ನು ಇನ್ನೊಂದೂ ಅಷ್ಟೇ ಹಿಡಿಯುತ್ತದೆ, ಪೋರ್ಟಿನಲ್ಲಿ ಎರಡರ ವ್ಯತ್ಯಾಸ ತೆಗೆದಾಗ ಅದು ವಜಾ ಆಗುತ್ತದೆ. ಪ್ಲಗ್ಗಿನಲ್ಲಿ ತಂತಿ ಜೋಡಿಸುವ ಬಿ ಪದ್ಧತಿಯ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ರಲ್ಲಿ, ನೀಲಿ ಜೋಡಿ ಅದರ ಮಧ್ಯೆ. ನೋಡಲು ವಿಚಿತ್ರ ಅನ್ನಿಸುತ್ತದೆ. ಹಾಗಾಗಿ ಕೆಲವರು ಅಂದವಾಗಿರಲಿ ಅಂತ ಕಿತ್ತಳೆ, ಹಸಿರು, ನೀಲಿ, ಕಂದು ಅಂತ ಜೋಡಿ ಜೋಡಿಯಾಗಿ ಸಾಲು ಹಾಕಿಬಿಡುತ್ತಾರೆ. ಎರಡೂ ತುದಿಯಲ್ಲಿ ಒಂದೇ ಥರ ಇರುವುದರಿಂದ ಟೆಸ್ಟರಿನಲ್ಲಿ 1ರಿಂದ 8ರವರೆಗೆ ದೀಪ ಸರಿಯಾಗಿಯೇ ಹತ್ತುತ್ತದೆ. ಟೆಸ್ಟರಿಗೆ ತಂತಿ ಮುಟ್ಟಿದೆಯೇ ಅನ್ನುವುದಷ್ಟೇ ಗೊತ್ತು, ಯಾರ ಜೊತೆ ಯಾರು ಹುರಿಯಾಗಿದ್ದಾರೆ ಅನ್ನುವುದು ಗೊತ್ತಿಲ್ಲ. ಈಗ 3 ಮತ್ತು 6ರ ಸಿಗ್ನಲ್ ಎರಡು ಬೇರೆ ಬೇರೆ ಜೋಡಿಯಲ್ಲಿ ಹಂಚಿಹೋಗಿದೆ. ಚಿಕ್ಕ ಕೇಬಲ್ಲಿನಲ್ಲಿ ಹೇಗೋ ನಡೆಯುತ್ತದೆ, ಇಪ್ಪತ್ತು ಮೀಟರ್ ಆದರೆ ತುಂಡುಗಳು ಕೆಡುತ್ತವೆ, ಮತ್ತೆ ಮತ್ತೆ ಕಳಿಸಬೇಕಾಗುತ್ತದೆ, ಹಾಡು ತಡವರಿಸುತ್ತದೆ.

ಪ್ಲಗ್ಗಿನ ಪ್ಲಾಸ್ಟಿಕ್ ಪಾರದರ್ಶಕವಾಗಿರುತ್ತದೆ. ಕ್ಲಿಪ್ ಕೆಳಗೆ ಮಾಡಿ, ತಂತಿ ನಿಮ್ಮ ಕಡೆಗೆ ಬರುವಂತೆ ಹಿಡಿದು ಎಡದಿಂದ ಬಣ್ಣ ಓದಿ. ತಪ್ಪಿದ್ದರೆ ಕತ್ತರಿಸಿ ಹೊಸದು ಹಾಕಿಸಿ. "ಅಣ್ಣಾ, ಬಿ ಕಲರ್ ಕೋಡಲ್ಲೇ ಹಾಕಿ" ಅಂದರೆ ಸಾಕು. ಹುರಿ ಬಿಚ್ಚುವುದು 13 ಮಿಲಿಮೀಟರ್ ಮೀರಬಾರದು. ಹೊರಗಿನ ಪ್ಲಾಸ್ಟಿಕ್ ತೊಗಲು ಪ್ಲಗ್ಗಿನ ಒಳಗೆ ಹೋಗಿ ಕಚ್ಚಿಕೊಂಡಿರಬೇಕು. ಎಂಟು ಬಣ್ಣದ ಎಳೆಗಳು ಪ್ಲಗ್ಗಿನ ಹೊರಗೇ ಬಿಚ್ಚಿಕೊಂಡು ನಿಂತಿದ್ದರೆ ಆ ಕೆಲಸ ನಿಲ್ಲುವುದಲ್ಲ.

ರೂಟರಿನಲ್ಲಿ ಲಿಂಕ್ ಸ್ಪೀಡ್ 1000 ಬದಲು 100 ತೋರಿಸುತ್ತಿದೆ. ಹಾಳಾಗಿದೆಯಾ?

ಮೊದಲು ಸ್ಟ್ರೀಮರಿನ ಪೋರ್ಟೇ 100ರದ್ದಾ ನೋಡಿ. ಅಲ್ಲ ಅಂದರೆ ಒಂದು ಜೋಡಿ ಎಲ್ಲೋ ಕಿತ್ತಿದೆ. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು. ಅದಕ್ಕೇ ಎಷ್ಟೋ ಸಾಧನಗಳು ತಾವೇ ಕೆಳಗಿಳಿದು ಕೆಲಸ ಮುಂದುವರಿಸುತ್ತವೆ. ಹಾಡಿಗೆ ಏನೂ ವ್ಯತ್ಯಾಸ ಇಲ್ಲ. ಆದರೂ ಪ್ಲಗ್ ಬದಲಾಯಿಸಿ. ಇವತ್ತು ಒಂದು ತಂತಿ ಬಿಟ್ಟಿರುವ ಪ್ಲಗ್ ನಾಳೆ ಇನ್ನೊಂದನ್ನೂ ಬಿಡುತ್ತದೆ.

ಕರೆಂಟ್ ವೈರ್ ಹೋಗುವ ಪೈಪಿನಲ್ಲೇ ಲ್ಯಾನ್ ಕೇಬಲ್ ಎಳೆಯಬಹುದಾ?

ಬೇಡ, ಬೇಡ. ನಾಯ್ಸ್ ವಿಷಯ ಆಮೇಲೆ. 230 ವೋಲ್ಟಿನ ವೈರಿನ ಪ್ಲಾಸ್ಟಿಕ್ ಉಜ್ಜಿಹೋಗಿ ಲ್ಯಾನಿಗೆ ತಾಗಿದರೆ ಸ್ಟ್ರೀಮರ್ ಮಾತ್ರ ಅಲ್ಲ, ಮುಟ್ಟಿದವರ ಜೀವಕ್ಕೂ ಅಪಾಯ. ಟಿವಿ ಕೇಬಲ್ ಅಥವಾ ಹಳೇ ಟೆಲಿಫೋನ್ ವೈರಿನ ಪೈಪ್ ಹುಡುಕಿ. ಬಹಳಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿ ಬಾಗಿಲ ಹತ್ತಿರದ ಚಿಕ್ಕ ಬಾಕ್ಸಿನಿಂದ ಹಾಲಿಗೂ ಬೆಡ್‌ರೂಮಿಗೂ ಇಂಥ ಪೈಪ್ ಹೋಗಿರುತ್ತದೆ. ಕೆಲವು ಬಿಲ್ಡರ್‌ಗಳು ಟೆಲಿಫೋನಿಗೇ ಕ್ಯಾಟ್ 5ಇ ಎಳೆದಿರುತ್ತಾರೆ, ತೆರೆದು ನೋಡಿ, ಅದೃಷ್ಟ ಇರಬಹುದು. ಬರೀ ಎರಡು ಜೋಡಿ ತೆಳು ವೈರ್ ಆದರೆ ಅದನ್ನೇ ಹಗ್ಗವಾಗಿ ಬಳಸಿ ಹೊಸ ಕೇಬಲ್ ಎಳೆಸಿ. ಜೋರಾಗಿ ಜಗ್ಗಬಾರದು. ಮೂಲೆಯಲ್ಲಿ ಮಡಿಸಬಾರದು, ತಿರುವಿನ ತ್ರಿಜ್ಯ ಕೇಬಲ್ ದಪ್ಪದ ನಾಲ್ಕು ಪಟ್ಟಾದರೂ ಇರುವಂತೆ ಬಾಗಿಸಬೇಕು.

ಪೈಪೇ ಇಲ್ಲ ಅಂದರೆ ಸ್ಕರ್ಟಿಂಗ್ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಹಾಕಿಸಿ. ಬಿಳಿ ಗೋಡೆಗೆ ಬಿಳಿ ಪಟ್ಟಿ, ತಿಂಗಳಾದ ಮೇಲೆ ಕಣ್ಣಿಗೇ ಬೀಳುವುದಿಲ್ಲ.

ಮಲೆನಾಡಿನ ತೋಟದ ಮನೆ. ದೊಡ್ಡ ಮನೆಯಲ್ಲಿ ಇಂಟರ್ನೆಟ್, ಔಟ್‌ಹೌಸಿನಲ್ಲಿ ಸ್ಟೀರಿಯೊ. ನಡುವೆ ಅರವತ್ತು ಮೀಟರ್. ಕ್ಯಾಟ್ 6 ಎಳೆಯಲೇ?

ದೂರದ ಲೆಕ್ಕದಲ್ಲಿ ಆಗುತ್ತದೆ. ಸಿಡಿಲಿನ ಲೆಕ್ಕದಲ್ಲಿ ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಬಡಿದರೂ ಸಾಕು, ಎರಡು ಕಟ್ಟಡದ ನಡುವಿನ ಉದ್ದ ತಾಮ್ರದಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಆಗಲೇ ಹೇಳಿದ 1500 ವೋಲ್ಟಿನ ಬೇಲಿ ಅದಕ್ಕೆ ಯಾವ ಲೆಕ್ಕ? ಈ ತುದಿಯ ರೂಟರ್, ಆ ತುದಿಯ ಸ್ಟ್ರೀಮರ್ ಎರಡೂ ಒಟ್ಟಿಗೆ ಹೋಗುತ್ತವೆ.

ಇಲ್ಲಿ ಫೈಬರ್ ಹಾಕಿ. ಇಂಟರ್ನೆಟ್ ಕಂಪನಿಯವರು ಮನೆಗೆ ಎಳೆಯುವ ಅದೇ ಸಿಂಗಲ್ ಮೋಡ್ ಡ್ರಾಪ್ ಕೇಬಲ್, ಎರಡು ತುದಿಗೆ ಫೈಬರನ್ನು ಲ್ಯಾನಿಗೆ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್. ಫೈಬರ್ ಅಂದರೆ ಗಾಜಿನ ಎಳೆ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಒಂದು ಎಚ್ಚರಿಕೆ: ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿ ಆಸರೆಗೆ ಸ್ಟೀಲ್ ತಂತಿ ಇರುತ್ತದೆ. ಮನೆಯೊಳಗೆ ಬರುವ ಮುಂಚೆ ಅದನ್ನು ಬೇರ್ಪಡಿಸಿ ಹೊರಗೇ ಕತ್ತರಿಸಬೇಕು, ಇಲ್ಲದಿದ್ದರೆ ಫೈಬರ್ ಹಾಕಿದ ಅರ್ಥವೇ ಹೋಯಿತು. ನೆಲದಲ್ಲಿ ಹೂಳುವುದಾದರೆ ಪೈಪಿನೊಳಗೆ ಹಾಕಿ. ಹೆಗ್ಗಣಕ್ಕೆ ಫೈಬರೂ ಒಂದೇ, ಗೆಣಸೂ ಒಂದೇ.

ಆಡಿಯೊಫೈಲ್ ಸ್ವಿಚ್ ಬೇಕಾ?

ಬೇಡ. ಮಾಮೂಲಿ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಸಾಕು.

ಪವರ್‌ಲೈನ್ ಅಡಾಪ್ಟರ್ ಹಾಕಿದರೆ ಕೇಬಲ್ ಎಳೆಯುವುದು ತಪ್ಪುತ್ತಲ್ಲ?

ಕರೆಂಟ್ ವೈರಿನಲ್ಲೇ ಡೇಟಾ ಕಳಿಸುವ ಪೆಟ್ಟಿಗೆಗಳು ಅವು. ಎರಡು ರೂಮು ಬೇರೆ ಬೇರೆ ಫೇಸ್‌ನಲ್ಲಿದ್ದರೆ, ನಡುವೆ ಯುಪಿಎಸ್ ಅಥವಾ ಇನ್ವರ್ಟರ್ ಇದ್ದರೆ ಆಟ ಮುಗಿಯಿತು. ಬಾಡಿಗೆ ಮನೆ, ಗೋಡೆ ಮುಟ್ಟುವಂತಿಲ್ಲ ಅಂದರೆ ವಾಪಸ್ ಮಾಡುವ ಅವಕಾಶ ಇಟ್ಟುಕೊಂಡು ತಂದು ನೋಡಿ.

ಕೇಬಲ್ ಸರಿಯಾಗಿದೆ, ದೀಪ ಮಿನುಗುತ್ತಿದೆ. ಆದರೆ ಫೋನಿನ ಆ್ಯಪ್‌ಗೆ ಸ್ಟ್ರೀಮರ್ ಕಾಣುತ್ತಲೇ ಇಲ್ಲ.

ಕೇಬಲ್ಲಿನ ತಪ್ಪಲ್ಲ. ಬಹುಶಃ ನಿಮ್ಮ ಮನೆಯಲ್ಲಿ ಎರಡು ರೂಟರ್ ಇವೆ. ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆ ತಾನೇ ಒಂದು ರೂಟರ್. ಅದರ ಹಿಂದೆ ನೀವು ತಂದ ಒಳ್ಳೆ ರೂಟರ್ ಇನ್ನೊಂದು. ಸ್ಟ್ರೀಮರ್ ಕೇಬಲ್ ಮೊದಲನೆಯದರಲ್ಲಿ, ಫೋನಿನ ವೈಫೈ ಎರಡನೆಯದರಲ್ಲಿ. ಫೋನಿನಿಂದ ಸ್ಟ್ರೀಮರಿಗೆ ಹಾಡು ಕಳಿಸುವ ಏರ್‌ಪ್ಲೇ, ಕ್ರೋಮ್‌ಕಾಸ್ಟ್, ಡಿಎಲ್‌ಎನ್‌ಎ ಎಲ್ಲವೂ "ಯಾರಿದ್ದೀರಿ ಇಲ್ಲಿ" ಅಂತ ಕೂಗಿ ಹುಡುಕುತ್ತವೆ. ಆ ಕೂಗು ರೂಟರ್ ದಾಟಿ ಆಚೆ ಹೋಗುವುದಿಲ್ಲ. ನಿಮ್ಮ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ (ಬರೀ ವೈಫೈ ಕೊಡುವಂತೆ) ಹಾಕಿ, ಅಥವಾ ಕಂಪನಿಯವರಿಗೆ ಫೋನ್ ಮಾಡಿ ಅವರ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಡುವಂತೆ) ಹಾಕಿಸಿ. ಫೋನ್ ಗೆಸ್ಟ್ ವೈಫೈನಲ್ಲಿದ್ದರೂ ಇದೇ ತೊಂದರೆ ಬರುತ್ತದೆ.

ಹೊಸ ಮನೆ ಕಟ್ಟಿಸುತ್ತಿದ್ದೇವೆ. ಮುಂಚಿತವಾಗಿ ಏನು ಮಾಡಿಸಬೇಕು?

ಕೇಬಲ್ಲಿಗಿಂತ ಪೈಪಿನ ಬಗ್ಗೆ ಜಗಳ ಮಾಡಿ. ಲ್ಯಾನಿಗೆ ಬೇರೆಯೇ 25 ಮಿಲಿಮೀಟರ್ ಪೈಪ್, ತೀರಾ ಚೂಪು ತಿರುವು ಇಲ್ಲದೆ, ಎಲ್ಲಾ ರೂಮಿನಿಂದಲೂ ಒಂದೇ ಜಾಗಕ್ಕೆ ಬರಬೇಕು. ಸ್ಟೀರಿಯೊ ಇಡುವ ಗೋಡೆಗೆ ಒಂದರ ಬದಲು ಎರಡು ಕೇಬಲ್ ಎಳೆಸಿ, ಒಂದು ಕೆಟ್ಟರೆ ಇನ್ನೊಂದು ಇರಲಿ. ಎರಡೂ ತುದಿಗೆ ನಂಬರ್ ಬರೆದು ಅಂಟಿಸಿ. ಪ್ಲಾಸ್ಟರ್ ಆಗುವ ಮುಂಚೆ ಪೈಪ್ ಹೋದ ದಾರಿಯ ಫೋಟೊ ತೆಗೆದಿಡಿ, ಆಮೇಲೆ ಮೊಳೆ ಹೊಡೆಯುವವನಿಗೆ ತೋರಿಸಲು ಬೇಕಾಗುತ್ತದೆ.

ಇದೆಲ್ಲಾ ಓದುವ ಮುಂಚೆಯೇ ಹದಿನೈದು ಸಾವಿರದ ಕೇಬಲ್ ತಂದುಬಿಟ್ಟಿದ್ದೇನೆ. ಈಗೇನು?

ವಾಪಸ್ ಮಾಡುವ ದಿನ ಮುಗಿದಿಲ್ಲದಿದ್ದರೆ ಮೊದಲು ಪರೀಕ್ಷೆ ಮಾಡಿ. ನೀವು ಸೋಫಾದಲ್ಲಿ ಕೂತು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ರೆಕಾರ್ಡಿಂಗ್ ಹಾಕಿ. ಮನೆಯವರಲ್ಲಿ ಯಾರಾದರೂ ರ‍್ಯಾಕ್ ಹಿಂದೆ ನಿಂತು ನಾಣ್ಯ ಚಿಮ್ಮಿ ಕೇಬಲ್ ಬದಲಾಯಿಸಲಿ, ಯಾವುದು ಅಂತ ಹೇಳದೆ ಚೀಟಿಯಲ್ಲಿ ಬರೆದುಕೊಳ್ಳಲಿ. ನಾಣ್ಯ ಹೇಳಿದರೆ ಬದಲಾಯಿಸದೆ ಸುಮ್ನೆ ಕಿತ್ತು ಅದನ್ನೇ ಹಾಕಲಿ. ಹತ್ತು ಸಲ ಮಾಡಿ. ಒಂಬತ್ತು ಸಲ ಸರಿ ಹೇಳಿದರೆ ಕೇಬಲ್ ಇಟ್ಟುಕೊಳ್ಳಿ. ಐದಾರು ಸಲ ಸರಿಯಾದರೆ ನಾಣ್ಯವೇ ಅಷ್ಟು ಸರಿ ಹೇಳುತ್ತದೆ, ಬಿಲ್ ಹುಡುಕಿ. ದಿನ ಮುಗಿದಿದ್ದರೆ ಯೋಚನೆ ಬೇಡ, ಅದನ್ನೇ ಬಳಸಿ. ಒಳ್ಳೆ ಪ್ಲಗ್, ಗಟ್ಟಿ ತೊಗಲು, ತುಂಬಾ ವರ್ಷ ಬರುತ್ತದೆ. ಶೀಲ್ಡ್ ಇರುವುದಾಗಿದ್ದು ಹಮ್ ಬಂದರೆ ಮಾತ್ರ ಅದನ್ನು ಟಿವಿಗೆ ಹಾಕಿ, ಸ್ಟೀರಿಯೊಗೆ ಇನ್ನೂರು ರೂಪಾಯಿಯ ಯುಟಿಪಿ ತನ್ನಿ.